ಕೋವಿಯ ಮರ: ಎನ್‌ಫೀಲ್ಡ್ ರೈಫಲಿನ ನಿದರ್ಶನದಲ್ಲಿ ಒಂದು ಕಸುಬಿನ ಇತಿಹಾಸ

ಕನ್ನಡದ ಕೋವಿ ಎಂಬ ಶಬ್ದಕ್ಕೆ ಕೊಳವೆ ಎಂಬ ಅರ್ಥವೂ ಉಂಟು. ನಳಿಗೆಯೆಂಬ ಮಾತಿನ ಸಂಗತಿಯೂ ಅದೇ. ಆಯುಧದ ಹೆಸರು ಅದರ ಕಬ್ಬಿಣದಿಂದ ಬಂದಿತು. ಆ ಕಬ್ಬಿಣವನ್ನು ಹೊತ್ತು, ಬಳಸುವವನ ಹೆಗಲಿಗೆ ಅದನ್ನು ಒಗ್ಗಿಸಿದ ಮರಕ್ಕೆ ಮಾತ್ರ ಖಚಿತವಾದ ಒಂದು ಹೆಸರು ನೆಲೆಗೊಳ್ಳಲಿಲ್ಲ. ಹಿಡಿಯೆನ್ನುವವರುಂಟು, ಹಿಂದೂಸ್ಥಾನಿಯನ್ನು ಅನುಸರಿಸಿ ಕುಂದವೆನ್ನುವವರೂ ಉಂಟು. ಇಲ್ಲಿ ಅದನ್ನು ಸರಳವಾಗಿ ಮರವೆಂದೇ ಕರೆಯಲಾಗಿದೆ. ಭಾಷೆ ತೋರಿದ ಈ ಔದಾಸೀನ್ಯವನ್ನು ಇತಿಹಾಸಕಾರರೂ ತೋರಿದ್ದಾರೆಂದರೆ ಅತ್ಯುಕ್ತಿಯಾಗಲಾರದು. ಬಂದೂಕುಗಳ ವರ್ಣನೆಯಲ್ಲಿ ನಳಿಗೆಯ ಉದ್ದ, ರಂಧ್ರದ ಅಳತೆ, ಅದರ ಮೇಲಿನ ಬರಹ, ಕಿಡಿ ಹೊತ್ತಿಸುವ ಯಂತ್ರದ ಬಗೆ, ಇವೆಲ್ಲ ವಿಸ್ತಾರವಾಗಿ ಬರುತ್ತವೆ. ಮರದ ಪಾಲಿಗೆ ಒಂದು ವಾಕ್ಯ ದೊರೆತರೆ ಅದೇ ದೊಡ್ಡದು. ಆದರೆ ಬಾಯಿಂದ ಮದ್ದು ತುಂಬುವ ಕೋವಿಯ ಆಯುಷ್ಯದಲ್ಲಿ ಮೊದಲು ಕೆಡುತ್ತಿದ್ದುದು, ಪದೇ ಪದೇ ಬದಲಾಗುತ್ತಿದ್ದುದು ಈ ಮರವೇ. ಅದನ್ನು ಬದಲಾಯಿಸುವ ಕೆಲಸ ಎಷ್ಟು ಕಠಿಣವಾಗಿತ್ತು, ಯಾವ ಕಾಲದಲ್ಲಿ ಯಾರ ಕೈಯಿಂದ ಯಾರ ಕೈಗೆ ಅದು ದಾಟಿತು ಎಂಬುದನ್ನು ಅರಿಯದೆ ಹತ್ತೊಂಬತ್ತನೆಯ ಶತಮಾನದ ಸೈನ್ಯಗಳ ಬಲಾಬಲವನ್ನು ಅಳೆಯುವುದು ಅಪೂರ್ಣವಾಗುವುದು.

ಕೋವಿಯ ಮರ ಮುರಿಯುವುದು ಸಾಮಾನ್ಯವಾಗಿ ಒಂದೇ ಸ್ಥಳದಲ್ಲಿ. ನಳಿಗೆಯ ಹಿಂತುದಿಗೂ ಹೆಗಲಿಗೆ ಆನಿಸುವ ಅಗಲವಾದ ಭಾಗಕ್ಕೂ ನಡುವೆ, ಬಲಗೈ ಹಿಡಿಯುವಲ್ಲಿ, ಮರ ಮನುಷ್ಯನ ಮಣಿಕಟ್ಟಿನಂತೆ ಸಣ್ಣದಾಗುತ್ತದೆ. ಅಲ್ಲಿಯೇ ಕಿಡಿಯ ಯಂತ್ರಕ್ಕಾಗಿ ಪಕ್ಕದಿಂದ ಗೂಡು ಕೊರೆದಿರುತ್ತದೆ. ಮೇಲಿನಿಂದ ನಳಿಗೆಯ ಬಾಲವೆನ್ನಬಹುದಾದ ಕಬ್ಬಿಣದ ಪಟ್ಟಿ ಇಳಿದಿರುತ್ತದೆ. ಕೆಳಗಿನಿಂದ ಟ್ರಿಗರಿನ ಸೀಳು ಬಂದಿರುತ್ತದೆ. ಹೀಗೆ ಎಲ್ಲ ದಿಕ್ಕುಗಳಿಂದಲೂ ಟೊಳ್ಳುಮಾಡಿದ ಜಾಗದ ಮೇಲೆಯೇ ಪ್ರತಿಯೊಂದು ಗುಂಡಿನ ಹಿಮ್ಮೆಟ್ಟಿನ ಭಾರವೂ ಬೀಳುವುದು. ಕುದುರೆಯಿಂದ ಬಿದ್ದ ಸವಾರ, ಕೈ ಕೈ ಮಿಲಾಯಿಸಿದ ಕಾಳಗದಲ್ಲಿ ಕೋವಿಯನ್ನು ದೊಣ್ಣೆಯಂತೆ ಬೀಸಿದ ಸಿಪಾಯಿ, ಇವರ ಮಾತಿರಲಿ; ಮದ್ದಿನ ಮಸಿಯನ್ನು ತೊಳೆಯಲು ನಳಿಗೆಯೊಳಗೆ ಹೊಯ್ದ ನೀರು ಮೆಲ್ಲಮೆಲ್ಲನೆ ಹಿಂದಕ್ಕೆ ಒಸರಿ ಮರವನ್ನು ಮೆತ್ತಗಾಗಿಸುವುದೂ ಸಾಕಾಗಿತ್ತು. ಕಬ್ಬಿಣವು ಎರಡು ಮೂರು ತಲೆಮಾರು ಬಾಳಿದರೆ ಮರ ಅಷ್ಟು ಕಾಲ ಬಾಳುವುದು ಅಪರೂಪ.

ಹಳೆಯ ಕಬ್ಬಿಣಕ್ಕೆ ಹೊಸ ಮರವನ್ನು ಕೂಡಿಸುವ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಬ್ರಿಟಿಷ್ ಸೈನ್ಯ 1853ರಲ್ಲಿ ಅಂಗೀಕರಿಸಿದ ಎನ್‌ಫೀಲ್ಡ್ ರೈಫಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ನಳಿಗೆ 39 ಅಂಗುಲ ಉದ್ದ, ರಂಧ್ರ 0.577 ಅಂಗುಲ, ಒಳಗೆ ಸುರುಳಿಯಾಗಿ ಸಾಗುವ ಮೂರು ಗೆರೆಗಳು. ಮರ ಅಕ್ರೋಟಿನದು. ನಳಿಗೆಯನ್ನು ಮರಕ್ಕೆ ಬಿಗಿಯುವುದು ಮೂರು ಕಬ್ಬಿಣದ ಪಟ್ಟಿಗಳು ಮತ್ತು ಬಾಲದ ಮೂಲಕ ಇಳಿಯುವ ಒಂದು ತಿರುಪು.

ಮೊದಲನೆಯ ಪರೀಕ್ಷೆ ಹಲಗೆಯನ್ನು ಆರಿಸುವುದರಲ್ಲಿಯೇ. ಮರ ವರ್ಷಗಟ್ಟಲೆ ಒಣಗಿರಬೇಕು. ಅದರ ಎಳೆಗಳು ಮಣಿಕಟ್ಟಿನ ಭಾಗದಲ್ಲಿ ಉದ್ದಕ್ಕೂ ಹರಿದಿರಬೇಕು. ಅಡ್ಡಲಾಗಿ ಹಾಯ್ದ ಎಳೆ ನೋಡಲು ಎಷ್ಟೇ ಸೊಗಸಾಗಿದ್ದರೂ ಮುರಿಯುವ ಮುನ್ಸೂಚನೆಯೇ. ಆಮೇಲೆ ನಳಿಗೆಗೆ ಹಾಸಿಗೆ ತೋಡುವುದು. ನಳಿಗೆ ಬಾಯಿಯ ಕಡೆಗೆ ಸಾಗಿದಂತೆ ಸಣ್ಣದಾಗುವುದರಿಂದ ತೋಡೂ ಅದರಂತೆಯೇ ಕಿರಿದಾಗಬೇಕು. ಕಸುಬುದಾರನು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ನಳಿಗೆಯ ಅಡಿಗೆ ತೆಳುವಾಗಿ ಸವರಿ, ತೋಡಿನಲ್ಲಿಟ್ಟು ಮೆಲ್ಲಗೆ ತಟ್ಟಿ, ಮತ್ತೆ ಮೇಲಕ್ಕೆತ್ತುತ್ತಿದ್ದನು. ಮಸಿ ಅಂಟಿದಲ್ಲಿ ಮರ ಉಬ್ಬಿದೆಯೆಂದರ್ಥ. ಅಲ್ಲಿ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಹೆರೆದು, ಮತ್ತೆ ಮಸಿ, ಮತ್ತೆ ನಳಿಗೆ. ಹೀಗೆ ಹತ್ತಾರು ಬಾರಿಯಲ್ಲ, ಲೆಕ್ಕವಿಡದಷ್ಟು ಬಾರಿ ನಡೆದಾಗ ಅಲ್ಲೊಂದು ಇಲ್ಲೊಂದು ಇದ್ದ ಕಪ್ಪು ಚುಕ್ಕೆಗಳು ಹಬ್ಬಿ, ಕೊನೆಗೆ ಇಡೀ ತೋಡಿಗೆ ಸಮನಾಗಿ ಕಪ್ಪು ಹತ್ತುವುದು. ಆಗಲೇ ಕಬ್ಬಿಣ ಮರದಲ್ಲಿ ಮಲಗಿತೆಂದು ತಿಳಿಯತಕ್ಕದ್ದು.

ಇದರಲ್ಲಿ ಅತಿ ಸೂಕ್ಷ್ಮವಾದುದು ನಳಿಗೆಯ ಹಿಂತುದಿ. ಹಿಮ್ಮೆಟ್ಟಿನ ಬಲವನ್ನು ಮರ ಸ್ವೀಕರಿಸುವುದು ಅಲ್ಲಿಯ ನಿಲುಗೋಡೆಯಲ್ಲಿ. ಆ ಗೋಡೆ ಎಡಬಲಗಳಲ್ಲಿ ಒಂದೇ ಸಮನಾಗಿ ಕಬ್ಬಿಣಕ್ಕೆ ತಾಗಬೇಕು. ಒಂದೇ ಬದಿಗೆ ತಾಗಿದರೆ ಕೆಲವು ನೂರು ಗುಂಡುಗಳಲ್ಲಿ ಆ ಬದಿಯ ಮರ ಸೀಳುವುದು. ಇದಕ್ಕೆ ವಿರುದ್ಧವಾಗಿ, ಬಾಲದ ಹಿಂತುದಿ ಮಾತ್ರ ಮರಕ್ಕೆ ತಾಗಕೂಡದು. ಅಲ್ಲಿ ಕಾಗದದಷ್ಟು ಸಂದು ಉಳಿಯಬೇಕು. ಇಲ್ಲವಾದರೆ ಆ ಸಣ್ಣ ಪಟ್ಟಿಯೇ ಸೌದೆ ಒಡೆಯುವ ಬೆಣೆಯಂತೆ ಮಣಿಕಟ್ಟಿನೊಳಗೆ ನುಗ್ಗುವುದು. ಎಲ್ಲೆಡೆಯೂ ಬಿಗಿಯಾಗಿ ಕೂಡಿಸುವುದೇ ಜಾಣತನವೆಂದು ಬಗೆದ ಹೊಸಬನ ಕೆಲಸ ಈ ಕಾರಣದಿಂದಲೇ ಹಾಳಾಗುತ್ತಿತ್ತು.

ಅನಂತರ ಕಿಡಿಯ ಯಂತ್ರ. ಮೊದಲು ಅದರ ಭಾಗಗಳನ್ನೆಲ್ಲ ಬಿಚ್ಚಿ ಬರಿಯ ತಗಡನ್ನು ಮರದಲ್ಲಿ ಇಳಿಸುವುದು. ಬಳಿಕ ಒಂದೊಂದೇ ಭಾಗವನ್ನು ತಗಡಿಗೆ ಜೋಡಿಸುತ್ತ ಅದಕ್ಕೆ ಬೇಕಾದಷ್ಟೇ ಗೂಡನ್ನು ತೋಡುವುದು. ತೋಡು ಹೆಚ್ಚಾದರೆ ಮೊದಲೇ ಬಡವಾದ ಮಣಿಕಟ್ಟು ಮತ್ತಷ್ಟು ಬಡವಾಗುವುದು. ಕಡಿಮೆಯಾದರೆ ಒಳಗಿನ ಕಮಾನು ಮರಕ್ಕೆ ಉಜ್ಜಿ ಹೊಡೆತ ಮಂದವಾಗುವುದು. ಬೇಸಗೆಯಲ್ಲಿ ಸರಿಯಾಗಿ ನಡೆದ ಯಂತ್ರ ಮಳೆಗಾಲದಲ್ಲಿ ಮರ ಉಬ್ಬಿದೊಡನೆ ತಡೆಯುವುದೂ ಉಂಟು. ಎನ್‌ಫೀಲ್ಡಿನಲ್ಲಿ ಕೇಪು ಕೂರುವ ಮೊಲೆ ನಳಿಗೆಯ ಭಾಗ, ಅದರ ಮೇಲೆ ಬಡಿಯುವ ಕುದುರೆ ಯಂತ್ರದ ಭಾಗ. ಇವೆರಡಕ್ಕೂ ಇರುವ ಸಂಬಂಧವನ್ನು ಕಾಯುವುದು ಮರವೊಂದೇ. ಅದು ಒಂದು ಗೆರೆಯಷ್ಟು ತಪ್ಪಿದರೂ ಕುದುರೆ ಕೇಪಿನ ಅಂಚಿಗೆ ಬಡಿಯುವುದು. ಇನ್ನು ಜಡಿಗೋಲಿಗಾಗಿ ತೆಳುವಾದ ಮುಂಭಾಗದುದ್ದಕ್ಕೂ ಹಾದಿ ಮಾಡುವುದು, ಮೂರು ಪಟ್ಟಿಗಳು ತಮ್ಮ ತಮ್ಮ ಸ್ಥಾನಕ್ಕೆ ಜಾರಿ ನಿಲ್ಲುವಂತೆ ಹೊರಮೈಯನ್ನು ಅರದಿಂದ ತಿದ್ದುವುದು, ಹಿಂಬದಿಗೆ ಹಿತ್ತಾಳೆಯ ತಗಡನ್ನು ಹೊಂದಿಸುವುದು, ಅಗಸೆ ಎಣ್ಣೆ ತಿಕ್ಕುವುದು. ಇವೂ ಸುಲಭವಲ್ಲವಾದರೂ ಹಿಂದಿನದಕ್ಕೆ ಹೋಲಿಸಿದರೆ ವಿಶ್ರಾಂತಿಯ ಕೆಲಸಗಳೇ.

ಇಷ್ಟೆಲ್ಲ ಶ್ರಮಕ್ಕೆ ರೈಫಲ್ ಬಂದ ಮೇಲೆ ಇನ್ನೊಂದು ಮಹತ್ವ ಸೇರಿತು. ಹಳೆಯ ನಯನಳಿಗೆಯ ಬಂದೂಕಿನಲ್ಲಿ ಗುಂಡು ನಳಿಗೆಗಿಂತ ಸಾಕಷ್ಟು ಚಿಕ್ಕದಾಗಿದ್ದು, ಹೊರಬೀಳುವಾಗಲೇ ದಿಕ್ಕು ತಪ್ಪುತ್ತಿತ್ತು. ಮರದ ದೋಷ ಆ ದೊಡ್ಡ ದೋಷದಲ್ಲಿ ಮುಚ್ಚಿಹೋಗುತ್ತಿತ್ತು. 900 ಗಜಗಳವರೆಗೆ ಗುರಿಯ ಅಳತೆಯನ್ನು ಕೊರೆದಿದ್ದ ಎನ್‌ಫೀಲ್ಡಿಗೆ ಈ ಮರೆ ಇರಲಿಲ್ಲ. ಮೂರು ಪಟ್ಟಿಗಳಿಂದ ಬಿಗಿದ ಉದ್ದನೆಯ ಮರ ಒಂದು ಕಡೆಗೆ ಬಾಗಿದರೆ ನಳಿಗೆಯನ್ನೂ ಅದೇ ಕಡೆಗೆ ಒತ್ತುವುದು, ಗುಂಡೂ ಆಚೆಗೆ ಸರಿಯುವುದು. ಸುರುಳಿಗೆರೆ ಕೊರೆದ ಕಮ್ಮಾರನ ಜಾಣ್ಮೆಯನ್ನು ಸಾರ್ಥಕಗೊಳಿಸುವ ಅಥವಾ ವ್ಯರ್ಥಗೊಳಿಸುವ ಅಧಿಕಾರ ಹೀಗೆ ಬಡಗಿಯ ಕೈಗೆ ಬಂದಿತು.

ಅಂಥ ಕೈಗಳನ್ನು ಇಂಗ್ಲೆಂಡ್ ಬಹುಕಾಲ ವಿಚಿತ್ರವಾದ ಒಂದು ಪದ್ಧತಿಯಲ್ಲಿ ದುಡಿಸಿಕೊಂಡಿತು. ಸರಕಾರ ನಳಿಗೆಗಳನ್ನು ಒಬ್ಬರಿಂದ, ಯಂತ್ರಗಳನ್ನು ಇನ್ನೊಬ್ಬರಿಂದ, ಹಿತ್ತಾಳೆಯ ಸಾಮಾನನ್ನು ಮತ್ತೊಬ್ಬರಿಂದ ಕೊಂಡು ಲಂಡನ್ನಿನ ಟವರಿನಲ್ಲಿ ಕೂಡಿಡುತ್ತಿತ್ತು. ಬೇಕಾದಾಗ ಅವುಗಳನ್ನು ಮರ ಹೂಡುವವರಿಗೆ ಕೊಟ್ಟು ಕೋವಿ ಮಾಡಿಸುತ್ತಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿಯೂ ಕಸುಬು ಇದೇ ರೀತಿ ಹತ್ತಾರು ಕವಲುಗಳಾಗಿ ಒಡೆದಿತ್ತು. ನಳಿಗೆಗಳು ಒಂದರಂತೆ ಒಂದು ಇರಲಿಲ್ಲ, ಯಂತ್ರಗಳೂ ಇರಲಿಲ್ಲ. ಆ ಎಲ್ಲ ವ್ಯತ್ಯಾಸಗಳನ್ನೂ ತನ್ನಲ್ಲಿ ನುಂಗಿಕೊಂಡು ಒಂದು ಆಯುಧವಾಗಿ ನಿಲ್ಲಿಸುವ ಹೊಣೆ ಮರದ್ದು. ಒಂದು ಕೋವಿಯ ಮರವನ್ನು ಇನ್ನೊಂದಕ್ಕೆ ತೊಡಿಸಲು ಸಾಧ್ಯವಿಲ್ಲದ ಕಾರಣ ಇದೇ. ಹಳೆಯ ಕೋವಿ ಹುಂಡಿಯಂತಿತ್ತೆನ್ನಬಹುದು: ಬರೆದವನಾರೆಂದು ಗುರುತಿಸದೆ ಅದು ನಡೆಯದು. ಸೈನ್ಯಗಳಿಗೆ ಬೇಕಾಗಿದ್ದುದು ನೋಟು, ಒಂದರ ಬದಲು ಮತ್ತೊಂದನ್ನು ಕಣ್ಣು ಮುಚ್ಚಿ ಕೊಡಬಹುದಾದದ್ದು.

ಫ್ರಾನ್ಸಿನಲ್ಲಿ ಒನೊರೆ ಬ್ಲಾಂಕ್ ಎಂಬವನು ಇದನ್ನು ಮೊದಲು ಕಬ್ಬಿಣದಲ್ಲಿ ಸಾಧಿಸಿ ತೋರಿಸಿದನು. ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಜೆಫರ್ಸನ್ 1785ರಲ್ಲಿ ಅವನ ಕಾರ್ಯಾಗಾರಕ್ಕೆ ಹೋಗಿ, ಬಿಡಿಭಾಗಗಳ ರಾಶಿಯಿಂದ ಕೈಗೆ ಸಿಕ್ಕಿದವುಗಳನ್ನು ಎತ್ತಿಕೊಂಡು ತಾನೇ ಹಲವು ಯಂತ್ರಗಳನ್ನು ಜೋಡಿಸಿ, ಬೆರಗಾಗಿ ಸ್ವದೇಶಕ್ಕೆ ಪತ್ರ ಬರೆದನು. ಆದರೆ ಅದೇ ಪತ್ರದ ಪ್ರಕಾರ ಈ ಸಾಧನೆ ಆಗ ಯಂತ್ರಕ್ಕೆ ಮಾತ್ರ ಸೀಮಿತವಾಗಿತ್ತು. ನಳಿಗೆ ಮತ್ತು ಮರದ ಸರದಿ ಇನ್ನೂ ಬಂದಿರಲಿಲ್ಲ. ಮರ ಬಾಗಿದ, ಎಲ್ಲಿಯೂ ಒಂದೇ ದುಂಡಿಲ್ಲದ ವಸ್ತು. ಅದನ್ನು ಚರಕಿ ಹಿಡಿಯುವುದೆಂತು?

ಉತ್ತರ ಬಂದುದು ಮೆಸಾಚುಸೆಟ್ಸಿನಿಂದ. 1788ರಲ್ಲಿ ಹುಟ್ಟಿದ ಥಾಮಸ್ ಬ್ಲಾಂಚರ್ಡ್ ಎಂಬ ಯಂತ್ರಕುಶಲಿ ಸ್ಪ್ರಿಂಗ್‌ಫೀಲ್ಡಿನ ಸರಕಾರಿ ಶಸ್ತ್ರಾಗಾರಕ್ಕೆ ನಳಿಗೆ ಕಡೆಯುವ ಯಂತ್ರವನ್ನು ರಚಿಸಿಕೊಟ್ಟಾಗ, ಅಲ್ಲಿಯ ಮರಗೆಲಸದವನೊಬ್ಬನು ತನ್ನ ಕೆಲಸವನ್ನಂತೂ ಇವನು ಕೆಡಿಸಲಾರನೆಂದು ಹೇಳಿದ್ದನ್ನು ಕೇಳಿಸಿಕೊಂಡನೆಂದು ಐತಿಹ್ಯ. ನಿಜವೋ ಸುಳ್ಳೋ, 1819ರಲ್ಲಿ ಅವನು ಪೇಟೆಂಟು ಪಡೆದ ಯಂತ್ರ ಆ ಮಾತಿಗೆ ತಕ್ಕ ಉತ್ತರವಾಗಿತ್ತು. ಅದರಲ್ಲಿ ಕಬ್ಬಿಣದ ಮಾದರಿಯೊಂದೂ ಒರಟು ಮರದ ತುಂಡೊಂದೂ ಒಟ್ಟಿಗೆ ತಿರುಗುವುವು. ಒಂದು ಗಾಲಿ ಮಾದರಿಯ ಮೈಯನ್ನು ಸವರುತ್ತ ಸಾಗಿದಂತೆ, ಅದಕ್ಕೆ ಬಿಗಿದ ಕತ್ತಿಗಾಲಿ ಮರದಲ್ಲಿ ಅದೇ ಏರಿಳಿತವನ್ನು ಕಡೆಯುವುದು. ಮುಂದಿನ ಕೆಲವೇ ವರ್ಷಗಳಲ್ಲಿ ನಳಿಗೆಯ ತೋಡು, ಯಂತ್ರದ ಗೂಡು, ಪಟ್ಟಿಗಳ ಜಾಗ, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಯಂತ್ರಗಳ ಸಾಲನ್ನೇ ಅವನು ನಿಲ್ಲಿಸಿದನು. ಪೇಟೆಂಟಿನ ಅವಧಿಯನ್ನು ವಿಸ್ತರಿಸಿಕೊಳ್ಳುವುದಕ್ಕಾಗಿ ಅವನು ಅದೇ ತತ್ತ್ವದ ಯಂತ್ರದಿಂದ ಶಾಸನಸಭೆಯ ಮುಖಂಡರ ಶಿರೋಮೂರ್ತಿಗಳನ್ನು ಕಡೆದು ಪ್ರದರ್ಶಿಸಿದಾಗ, ಬ್ಲಾಂಚರ್ಡನು ಸಭಾಸದರ ತಲೆ ತಿರುಗಿಸಿಬಿಟ್ಟನೆಂಬ ವಿನೋದ ಹುಟ್ಟಿತಂತೆ.

ಇಂಗ್ಲೆಂಡ್ ಎಚ್ಚತ್ತುದು ತಡವಾಗಿ. 1851ರ ಮಹಾಪ್ರದರ್ಶನದಲ್ಲಿ ವರ್ಮಾಂಟಿನ ರಾಬಿನ್ಸ್ ಮತ್ತು ಲಾರೆನ್ಸ್ ಸಂಸ್ಥೆ ಬಿಡಿಭಾಗಗಳನ್ನು ಪರಸ್ಪರ ಬದಲಿಸಬಹುದಾದ ರೈಫಲುಗಳನ್ನು ತೋರಿಸಿತು. ಅನಂತರ ಅಮೆರಿಕಕ್ಕೆ ಹೋಗಿ ಬಂದ ಜೋಸೆಫ್ ವಿಟ್ವರ್ತ್ 1854ರ ತನ್ನ ವರದಿಯಲ್ಲಿ, ಸ್ಪ್ರಿಂಗ್‌ಫೀಲ್ಡಿನ ಯಂತ್ರಗಳ ಸಾಲಿನಲ್ಲಿ ಒಂದು ಕೋವಿಯ ಮರಕ್ಕೆ ತಗಲುವ ಕೆಲಸದ ವೇಳೆ ಸುಮಾರು 22 ನಿಮಿಷವೆಂದು ಲೆಕ್ಕ ಕೊಟ್ಟನು. ಅದೇ ವರ್ಷ ಪಾರ್ಲಿಮೆಂಟಿನ ಸಮಿತಿಯ ಮುಂದೆ ಬರ್ಮಿಂಗ್‌ಹ್ಯಾಮಿನ ವ್ಯಾಪಾರಸ್ಥರು ಸರಕಾರಿ ಕಾರ್ಖಾನೆಯನ್ನು ವಿರೋಧಿಸಿದರೂ ಫಲವಾಗಲಿಲ್ಲ. ಮರದ ಯಂತ್ರಗಳನ್ನು ಮೆಸಾಚುಸೆಟ್ಸಿನ ಏಮ್ಸ್ ಸಂಸ್ಥೆಯಿಂದ ತರಿಸಲಾಯಿತು. ಅವುಗಳೊಂದಿಗೆ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದಲ್ಲಿ ಪಳಗಿದ ಜೇಮ್ಸ್ ಬರ್ಟನ್ ಎಂಬ ಎಂಜಿನಿಯರನೂ ಬಂದನು. 1857ರ ಹೊತ್ತಿಗೆ ಎನ್‌ಫೀಲ್ಡಿನಲ್ಲಿ ಯಂತ್ರಗಳು ಓಡತೊಡಗಿದವು.

ಇಲ್ಲಿಯೇ ಈ ಇತಿಹಾಸದ ಅತ್ಯಂತ ಬೋಧಪ್ರದವಾದ ಘಟ್ಟ ಒದಗುವುದು. ಸುಮಾರು ಐದಾರು ವರ್ಷಗಳ ಕಾಲ ಒಂದೇ ನಮೂನೆಯ, ಒಂದೇ ಹೆಸರಿನ ರೈಫಲು ಎರಡು ಬಗೆಯಲ್ಲಿ ತಯಾರಾಗುತ್ತಿತ್ತು. ಸರಕಾರಿ ಕಾರ್ಖಾನೆಯದು ಯಂತ್ರದಿಂದ ಹುಟ್ಟಿದ್ದು. ಬರ್ಮಿಂಗ್‌ಹ್ಯಾಮಿನ ಗುತ್ತಿಗೆದಾರರದು ಹಳೆಯ ಪದ್ಧತಿಯಲ್ಲಿ ಉಳಿ ಮತ್ತು ಮಸಿಯಿಂದ ಹುಟ್ಟಿದ್ದು. ಕಣ್ಣಿಗೆ ಎರಡೂ ಒಂದೇ. ಮಣಿಕಟ್ಟು ಮುರಿದಾಗಲೇ ಭೇದ ತಿಳಿಯುವುದು. ಮೊದಲನೆಯದಕ್ಕೆ ಉಗ್ರಾಣದಿಂದ ಹೊಸ ಮರ ತಂದು ತಿರುಪು ಬಿಗಿದರಾಯಿತು; ಎರಡನೆಯದಕ್ಕೆ ಕಸುಬುದಾರನೇ ಬೇಕು, ಅವನಿಗೆ ದಿನಗಳೂ ಬೇಕು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದೊಡನೆ ಉಭಯಪಕ್ಷಗಳೂ ಲಕ್ಷಗಟ್ಟಲೆ ಎನ್‌ಫೀಲ್ಡುಗಳನ್ನು ಕೊಂಡುವು. ಕೈಗೆ ಬಂದವುಗಳಲ್ಲಿ ಬಹುಪಾಲು ಎರಡನೆಯ ಬಗೆಯವು. ಬದಲಿ ಮರದ ಯಂತ್ರವನ್ನು ಕಂಡುಹಿಡಿದ ದೇಶವೇ, ಬದಲಿ ಮರ ಕೂಡದ ಆಯುಧಗಳಿಂದ ತನ್ನ ಮಹಾಯುದ್ಧದ ದೊಡ್ಡ ಭಾಗವನ್ನು ಹೋರಾಡಿದ್ದು ವಿಪರ್ಯಾಸವೇ ಸರಿ. ಲಂಡನ್ ಆರ್ಮರಿ ಕಂಪೆನಿ ಮಾತ್ರ ಯಂತ್ರನಿರ್ಮಿತ ರೈಫಲುಗಳನ್ನು ಮಾರುತ್ತಿದ್ದುದರಿಂದ ದಕ್ಷಿಣ ಪಕ್ಷದವರಲ್ಲಿ ಅವುಗಳಿಗೆ ವಿಶೇಷ ಮನ್ನಣೆಯಿತ್ತು. ಬರ್ಮಿಂಗ್‌ಹ್ಯಾಮಿನವರು ಕೂಡ ಅದೇ 1861ರಲ್ಲಿ ಯಂತ್ರಗಳನ್ನಾಧರಿಸಿದ ಕಂಪೆನಿಯೊಂದನ್ನು ಸ್ಥಾಪಿಸಿಕೊಂಡರು. ಮುಂದೆ ಬೈಸಿಕಲ್ಲು, ಮೋಟಾರ್ ಸೈಕಲ್ಲುಗಳ ಮೂಲಕ ಭಾರತದ ಬೀದಿಗಳಲ್ಲಿಯೂ ಪರಿಚಿತವಾದ ಬಿ.ಎಸ್.ಎ. ಎಂಬ ಹೆಸರು ಅದರದೇ.

ಹಿಂದೂಸ್ಥಾನದಲ್ಲಿ ಎನ್‌ಫೀಲ್ಡಿನ ಹೆಸರು ತೋಟಾಗಳಿಗೆ ಸವರಿದ ಕೊಬ್ಬಿನೊಂದಿಗೆ ಅಂಟಿಕೊಂಡಿದೆ. ಅದಂತಿರಲಿ. 1857ರ ಆರಂಭದಲ್ಲಿ ಡಮ್‌ಡಮ್, ಅಂಬಾಲಾ, ಸಿಯಾಲಕೋಟೆಗಳ ತರಬೇತಿ ಕೇಂದ್ರಗಳನ್ನು ತಲಪಿದ್ದ ರೈಫಲುಗಳು ಎನ್‌ಫೀಲ್ಡಿನ ಯಂತ್ರಗಳು ಪೂರ್ಣವಾಗಿ ಓಡುವುದಕ್ಕೆ ಮೊದಲೇ ಸಾಗಿ ಬಂದವಾದುದರಿಂದ, ಅವು ಕೈಯಿಂದ ಮರ ಹೂಡಿದವೇ ಎಂದು ಊಹಿಸಲು ಅಡ್ಡಿಯಿಲ್ಲ. ದಂಗೆಯ ಅನಂತರ ದೇಶೀಯ ಸಿಪಾಯಿಗಳಿಗೆ ಅದೇ ಆಕಾರದ, ಆದರೆ ಸುರುಳಿಗೆರೆಯಿಲ್ಲದ ನಯನಳಿಗೆಯ ಬಂದೂಕನ್ನು ಕೊಡಲಾಯಿತು. ಮರ ಮೊದಲಿನಂತೆಯೇ ಇತ್ತು, ಕಿತ್ತುಕೊಂಡದ್ದು ಗುರಿಯನ್ನು.

ಆ ವರ್ಷದ ನಿಶ್ಶಸ್ತ್ರೀಕರಣದ ಕಾನೂನು ಕನ್ನಡನಾಡಿನಲ್ಲಿ ಏನು ಮಾಡಿತೆಂಬುದಕ್ಕೆ ಮುಧೋಳ ಸಂಸ್ಥಾನದ ಹಲಗಲಿಯೇ ಸಾಕ್ಷಿ. 1857ರ ನವೆಂಬರಿನಲ್ಲಿ ಆಯುಧ ಒಪ್ಪಿಸಲೊಪ್ಪದ ಬೇಡರ ಮೇಲೆ ಸೈನ್ಯ ನುಗ್ಗಿದ ಕಥೆ ಲಾವಣಿಯಾಗಿ ಉಳಿದಿದೆ. ಕಾನೂನು ಕೋವಿಯನ್ನು ಎಣಿಸಿತು. ಕೋವಿ ಕಟ್ಟುವವನ ಬದುಕು ಆ ಎಣಿಕೆಗೆ ಬೀಳಲಿಲ್ಲ. ಸ್ವತಂತ್ರ ಭಾರತದ 1959ರ ಶಸ್ತ್ರ ಅಧಿನಿಯಮದಲ್ಲಿ ತಯಾರಿಕೆ, ಮಾರಾಟಗಳಂತೆ ದುರಸ್ತಿಗೂ ಪರವಾನಗಿ ಬೇಕು. ಇದಕ್ಕೆ ಬೇರೊಂದು ಮುಖವನ್ನು ತೋರಿಸುವುದು ಕೊಡಗು. ಅಲ್ಲಿ 1861ರಿಂದ ಕೊಡವರಿಗೆ ಆಯುಧದ ಕಾನೂನಿನಿಂದ ವಿನಾಯಿತಿ ದೊರೆತು ಅದು ನಡೆದುಕೊಂಡು ಬಂದಿರುವುದರಿಂದ ಕೋವಿ ಮನೆತನದ ವಸ್ತುವಾಗಿ ಉಳಿಯಿತು. ಕೈಲ್‌ಪೊಳ್ದಿನಂದು ಹೂವೇರಿಸಿಕೊಳ್ಳುವ ಭಾಗ್ಯವೂ ಅದಕ್ಕೆ ಉಳಿಯಿತು. ತಲೆಮಾರುಗಳ ಕಾಲ ಮಳೆನಾಡಿನಲ್ಲಿ ಬಾಳುವ ಇಂಥ ಆಯುಧಗಳಲ್ಲಿ ನಳಿಗೆ ಒಂದು ಕಾಲದ್ದು, ಮರ ಇನ್ನೊಂದು ಕಾಲದ್ದು ಆಗಿರುವ ಸಂಭವವನ್ನು ಅವುಗಳ ಇತಿಹಾಸ ಬರೆಯುವವರು ಮೊದಲೇ ನೆನೆಯಬೇಕು.

ಈ ಬೆರಕೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ಅಫಘಾನರ ಜಝೈಲನ್ನು ನೋಡಬೇಕು. ಉದ್ದನೆಯ ದೇಶೀಯ ನಳಿಗೆ, ಕುಡುಗೋಲಿನಂತೆ ಬಾಗಿದ ಸ್ಥಳೀಯ ಮರ, ಪಕ್ಕದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಮುದ್ರೆಯುಳ್ಳ ಯಂತ್ರ. ಮುದ್ರೆಯ ಮೇಲಿನ ಇಸವಿಯನ್ನೇ ಆಯುಧದ ಇಸವಿಯೆಂದು ಬಗೆದವನು ಅನ್ಯರ ಜನ್ಮಪತ್ರಿಕೆಯನ್ನು ಓದಿದಂತಾಯಿತು. ಪರದೇಶದ ಯಂತ್ರಕ್ಕೆ ತನ್ನ ಮರದಲ್ಲಿ ಗೂಡು ತೋಡಿದ ಆ ಅನಾಮಧೇಯ ಬಡಗಿಗೆ ಎನ್‌ಫೀಲ್ಡಿನ ಕಾರ್ಖಾನೆಯೂ ಬೇಕಾಗಿರಲಿಲ್ಲ, ಉಗ್ರಾಣವೂ ಬೇಕಾಗಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದಲ್ಲಿ ತಯಾರಾಗಿ 1799ರ ಅನಂತರ ಸಮುದ್ರ ದಾಟಿದ ಕೋವಿಗಳ ಮೇಲಿನ ಮೌಲೂದಿ ಶಕೆಯ ವರ್ಷಗಳು, ಹುಲಿಯ ಅಲಂಕಾರಗಳು ಬಹಳವಾಗಿ ಚರ್ಚೆಗೊಂಡಿವೆ. ನಳಿಗೆಯ ಬರಹವು ನಳಿಗೆಗೆ ಮಾತ್ರ ಸಾಕ್ಷಿ ಎಂಬ ಎಚ್ಚರಿಕೆ ಅಲ್ಲಿಯೂ ಸಲ್ಲುವುದು. ಮುಂಬಯಿಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ವಸ್ತುಸಂಗ್ರಹಾಲಯದ ಗಾಜಿನ ಮುಂದೆ ನಿಂತ ವಾಚಕರಿಗೆ ಕೋವಿಯನ್ನು ಬಿಚ್ಚಿ ನೋಡುವ ಅವಕಾಶ ಸಿಗದು. ಅಧಿಕಾರವುಳ್ಳವರು ಬಿಚ್ಚಿದಾಗ ನೋಡಬೇಕಾದ ಸಂಗತಿಗಳು ಮಾತ್ರ ಸ್ಪಷ್ಟವಾಗಿವೆ. ಗೂಡಿನ ಮೂಲೆಗಳು ತಿರುಗುವ ಕತ್ತಿಯ ದುಂಡನ್ನು ತೋರಿಸಿದರೆ ಅದು ಯಂತ್ರದ ಮರ. ಉಳಿಯ ಸಣ್ಣ ಸಣ್ಣ ಜಾಡುಗಳಿದ್ದರೆ ಕೈಯ ಮರ. ಎನ್‌ಫೀಲ್ಡ್ ನಮೂನೆಯದಾದರೆ ಹಿಂಬದಿಯ ಬಲಮಗ್ಗುಲಿಗೆ ಒತ್ತಿದ ದುಂಡು ಮುದ್ರೆಯನ್ನು ಯಂತ್ರದ ತಗಡಿನ ಇಸವಿಯೊಂದಿಗೆ ತಾಳೆ ನೋಡಬಹುದು. ಹಳೆಯ ಮರಕ್ಕೆ ಹೊಸ ನಳಿಗೆ ಕೂಡಿಸಿದ್ದಲ್ಲಿ, ಮೊದಲಿನ ಮೊಳೆಗಳ ತೂತುಗಳನ್ನು ಮರದ ಬೆಣೆಯಿಂದ ಮುಚ್ಚಿದ ಗುರುತು ಉಳಿದಿರುತ್ತದೆ. ಹಳೆಯ ನಳಿಗೆಗೆ ಹೊಸ ಮರ ಬಂದಿದ್ದರೆ ಮರ ನಿರ್ದೋಷಿಯಂತೆ ಒಂದೇ ಸಾಲು ತೂತುಗಳನ್ನು ತೋರಿಸುವುದು; ಉಪಯೋಗವಿಲ್ಲದ ಎರಡನೆಯ ತೂತು ಇದ್ದರೆ ಅದು ಕಬ್ಬಿಣದಲ್ಲಿ ಉಳಿದಿರುವುದು.